ಹಾಡಿಯವರ ಜಮೀನು ಅವರ ಕೈಯಲ್ಲಿ ಯಾಕೆ ಉಳಿಯುತ್ತಿಲ್ಲ?

ಪ್ರಶ್ನೆ: ನಾನು ಎಚ್.ಡಿ. ಕೋಟೆ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಶಾಲೆಯ ಹತ್ತಿರದಲ್ಲೇ ಜೇನುಕುರುಬರ ಹಾಡಿ, ಅಂದರೆ ಆದಿವಾಸಿಗಳ ಕೇರಿ, ಇದೆ. ಅಲ್ಲಿನ ಹುಡುಗನೊಬ್ಬ ನಮ್ಮಲ್ಲೇ ಓದಿ ಈಗ ಮೈಸೂರಿನಲ್ಲಿ ಡಿಗ್ರಿ ಮಾಡುತ್ತಿದ್ದಾನೆ. ಅವನ ಅಜ್ಜಿ ಹುಟ್ಟಿದ್ದು ನಾಗರಹೊಳೆ ಕಾಡಿನೊಳಗೆ. ಮದುವೆಯಾದ ಹೊಸತರಲ್ಲಿ ಅವರನ್ನೆಲ್ಲ ಹೊರಗೆ ಕಳಿಸಿದರಂತೆ. 1980ರ ದಶಕದಲ್ಲಿ ತಾತನ ಹೆಸರಿಗೆ ಮೂರು ಎಕರೆ ದರಖಾಸ್ತು ಜಮೀನು, ಅಂದರೆ ಸರ್ಕಾರ ಮಂಜೂರು ಮಾಡಿದ ಜಮೀನು, ಸಿಕ್ಕಿತ್ತು. ಈಗ ಅದರಲ್ಲಿ ಹೊರಗಿನವರು ಶುಂಠಿ ಬೆಳೆಯುತ್ತಿದ್ದಾರೆ. ಮನೆಯವರು ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಕಾಡಿನೊಳಗಿನ ಹಳೇ ಜಾಗಕ್ಕೆ ಹಾಕಿದ್ದ ಅರಣ್ಯ ಹಕ್ಕು ಅರ್ಜಿ 'ಸಾಕ್ಷ್ಯ ಇಲ್ಲ' ಎಂದು ವಜಾ ಆಗಿದೆಯಂತೆ. ಊರಿನವರು ಹೇಳುವುದು ಒಂದೇ ಮಾತು: 'ಕುಡಿದು ಕಳ್ಕೊಂಡ್ರು. ಕೊಟ್ರೂ ಉಳಿಸ್ಕೊಳ್ಳಲ್ಲ.' ಬ್ರೆಜಿಲ್, ಆಫ್ರಿಕಾ ಕಡೆಯ ಮೂಲನಿವಾಸಿಗಳ ಕಥೆಯೂ ಹೀಗೇ ಇದೆ ಎಂದು ಓದಿದ್ದೇನೆ. ಎಲ್ಲ ಕಡೆ ಕಾರಣ ಒಂದೇನಾ? ಈ ಹುಡುಗ ಈಗ ಏನು ಮಾಡಬಹುದು?

ಉತ್ತರ: ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಓದುವಾಗ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ಮನೆಯವರು ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾರೆ ಅನ್ನುವ ಸಾಲು. ಮೈಸೂರಿನಲ್ಲಿ ಜಮೀನಿನ ಕೇಸು ನಡೆಸುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಿಂದ ಬರುವವರ ಕಾಗದ ಬಿಚ್ಚಿದರೆ ಹೆಚ್ಚುಕಮ್ಮಿ ಇದೇ ಕಥೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕುಡಿತದ ಮಾತು. ಹಾಡಿಗಳಲ್ಲಿ ಕುಡಿತ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಮನೆಗಳನ್ನು ಹಾಳು ಮಾಡಿದೆ. ಆದರೆ ಕುಡಿತದಿಂದಲೇ ಜಮೀನು ಹೋಗುವುದಾದರೆ ಮೈಸೂರು, ಮಂಡ್ಯದ ಎಷ್ಟು ರೈತರ ಮನೆಯಲ್ಲಿ ಪಹಣಿ ಉಳಿಯುತ್ತಿತ್ತು ಹೇಳಿ? ಅಲ್ಲಿ ಒಬ್ಬ ಕುಡಿದರೆ ತಡೆಯುವುದಕ್ಕೆ ಅಣ್ಣತಮ್ಮಂದಿರು ಇರುತ್ತಾರೆ. ಸೊಸೈಟಿ ಸಾಲ ಸಿಗುತ್ತದೆ. ಕಾಗದ ಓದುವ ಮಗ ಇರುತ್ತಾನೆ. ತಾಲೂಕು ಕಚೇರಿಯಲ್ಲಿ ಗುರುತಿನವರು ಇರುತ್ತಾರೆ. ಹಾಡಿಯಲ್ಲಿ ಇದ್ಯಾವುದೂ ಇಲ್ಲ. ಇನ್ನೂ ಮುಖ್ಯವಾದದ್ದು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು. ಆ ಅಜ್ಜಿಯನ್ನು ಕಾಡಿನಿಂದ ಹೊರಗೆ ಕಳಿಸಿದಾಗ ಯಾರೂ ಕುಡಿದು ಸಹಿ ಹಾಕಿರಲಿಲ್ಲ. ಸಹಿಯನ್ನೇ ಯಾರೂ ಕೇಳಿರಲಿಲ್ಲ.

ಹಾಗಾದರೆ ಜಮೀನು ಹೋಗಿದ್ದು ಎಲ್ಲಿ? ನನ್ನ ಅನುಭವದಲ್ಲಿ, ಕಾಗದದಲ್ಲಿ. ಮೊದಲ ಸಲ ಕಾಗದ ಬರೆದಾಗ ಅವರ ಹೆಸರು ಬರೆಯಲೇ ಇಲ್ಲ.

ಕಾಕನಕೋಟೆಯ ಖೆಡ್ಡಾ ನಿಮಗೆ ಗೊತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ 1971ರವರೆಗೆ ಅಲ್ಲಿ ಆನೆ ಹಿಡಿದರು. ಮಹಾರಾಜರು, ವೈಸರಾಯರು ಬಂದು ನೋಡಿದರು. ಆನೆಯ ಜಾಡು ಹಿಡಿದವರು, ಹಿಂಡನ್ನು ಹೊಳೆಗೆ ಇಳಿಸಿದವರು, ಹಿಡಿದ ಆನೆಯನ್ನು ಪಳಗಿಸಿದವರು ಜೇನುಕುರುಬರು, ಬೆಟ್ಟಕುರುಬರು. ಇಂದಿಗೂ ದಸರೆಯ ಆನೆಗಳ ಜೊತೆ ಅರಮನೆ ಅಂಗಳಕ್ಕೆ ಬರುವ ಮಾವುತ, ಕಾವಾಡಿಗಳಲ್ಲಿ ಅವರೇ ಜಾಸ್ತಿ. ಅಂದರೆ ಕಾಡಿನ ಒಂದೊಂದು ದಾರಿ, ಒಂದೊಂದು ಹಡ್ಲು (ಕಾಡಿನ ನಡುವಿನ ಜೌಗು ಬಯಲು) ಅವರಿಗೆ ಗೊತ್ತು ಅನ್ನುವುದು ಸರ್ಕಾರಕ್ಕೂ ಚೆನ್ನಾಗಿ ಗೊತ್ತಿತ್ತು. ಅದೇ ಕಾಡನ್ನು ರಿಜರ್ವ್ ಅರಣ್ಯ ಎಂದು ಬರೆಯುವಾಗ ಮಾತ್ರ ಅದು ಯಾರೂ ಇಲ್ಲದ ಸರ್ಕಾರಿ ಭೂಮಿ ಆಯಿತು.

ಇದು ನಡೆದ ರೀತಿ ನೋಡಿ. ಬ್ರಿಟಿಷರ ಕಾಲದ 1927ರ ಅರಣ್ಯ ಕಾಯ್ದೆಯಲ್ಲಿ ಒಂದು ಕ್ರಮ ಇದೆ. ಈ ಜಾಗವನ್ನು ರಿಜರ್ವ್ ಮಾಡುತ್ತೇವೆ ಎಂದು ಪ್ರಕಟಣೆ ಹೊರಡಿಸಬೇಕು. ಹಕ್ಕು ಇದ್ದವರು ಇಂತಿಷ್ಟು ದಿನದೊಳಗೆ ಬಂದು ಹೇಳಿಕೊಳ್ಳಬೇಕು. ಕಾನೂನಿನಲ್ಲಿ ಬರೆದಿರುವ ಕನಿಷ್ಠ ಗಡುವು ಮೂರು ತಿಂಗಳು. ಹೇಳಿಕೊಳ್ಳದಿದ್ದರೆ ಆ ಹಕ್ಕು ಮುಗಿಯಿತು. ಮೈಸೂರು ಸಂಸ್ಥಾನದ ಕಾನೂನು, ಆಮೇಲಿನ ಕರ್ನಾಟಕದ ಕಾನೂನು ಎಲ್ಲ ಇದೇ ಅಚ್ಚಿನವು. ಈಗ ಹೇಳಿ, ಓದು ಬರಹ ಇಲ್ಲದ, ಜೇನಿನ ಕಾಲಕ್ಕೆ ಒಂದು ಕಡೆ, ಗೆಣಸಿನ ಕಾಲಕ್ಕೆ ಇನ್ನೊಂದು ಕಡೆ ಇರುವ ಜನ, ಎಲ್ಲೋ ಕಚೇರಿಯ ಗೋಡೆಗೆ ಅಂಟಿಸಿದ ಪ್ರಕಟಣೆ ನೋಡಿ ಅರ್ಜಿ ಹಾಕಬೇಕಿತ್ತಾ? ಅವರು ಹಾಕಲಿಲ್ಲ. ತಲೆಮಾರುಗಳ ವಾಸ ಒಂದು ಗಡುವಿನಲ್ಲಿ ಅತಿಕ್ರಮಣ ಆಗಿಹೋಯಿತು.

'ಅಲೆಮಾರಿಗಳು, ಅವರಿಗೆ ಜಮೀನೇ ಬೇಕಿರಲಿಲ್ಲ' ಅನ್ನುವವರಿಗೂ ಇಲ್ಲೇ ಉತ್ತರ ಇದೆ. ಹಾಡಿಗೊಂದು ಗಡಿ ಇತ್ತು. ಯಾವ ಮರದ ಜೇನು ಯಾರಿಗೆ ಅನ್ನುವ ಲೆಕ್ಕ ಇತ್ತು. ಸತ್ತವರನ್ನು ಹೂಳುವ ಜಾಗ, ದೇವರ ಜಾಗ ಇತ್ತು. ಕಂದಾಯದ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಅಷ್ಟೇ.

ಒಮ್ಮೆ ಕಾಗದದಲ್ಲಿ ಹೆಸರು ಇಲ್ಲ ಅಂತಾದ ಮೇಲೆ ಉಳಿದದ್ದೆಲ್ಲ ಸಲೀಸು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಖೆಡ್ಡಾ ನಡೆದ ಬಯಲೂ ಹಿನ್ನೀರಿಗೆ ಹೋಯಿತು. ಅಣೆಕಟ್ಟಿನಲ್ಲಿ ಪಹಣಿ ಇದ್ದವರಿಗೆ ಪರಿಹಾರದ ಲೆಕ್ಕ ಇರುತ್ತದೆ. ಪಹಣಿ ಇಲ್ಲದವರು ಮುಳುಗಡೆಯ ಲೆಕ್ಕಕ್ಕೇ ಸಿಗುವುದಿಲ್ಲ. ಆಮೇಲೆ ರಾಷ್ಟ್ರೀಯ ಉದ್ಯಾನ, ಹುಲಿ ಯೋಜನೆ. ನಾಗರಹೊಳೆಯಿಂದ ಹೊರಬಿದ್ದವರ ಸ್ಥಿತಿ ನೋಡಲು ಹೈಕೋರ್ಟ್ ನೇಮಿಸಿದ ಸಮಿತಿಗೆ ನಮ್ಮ ಮೈಸೂರು ವಿಶ್ವವಿದ್ಯಾಲಯದ ಪ್ರೊಫೆಸರ್ ಮುಜಾಫರ್ ಅಸ್ಸಾದಿ ಅವರು ಅಧ್ಯಕ್ಷರಾಗಿದ್ದರು. 2014ರ ಆ ವರದಿ ಲೆಕ್ಕ ಹಾಕಿದ್ದು 3,418 ಕುಟುಂಬ. ಅವರಲ್ಲಿ ಎಷ್ಟೋ ಜನ ಕೊಡಗಿನ ಕಾಫಿ ತೋಟಗಳ ಲೈನು ಮನೆಗೆ ಸೇರಿದರು. ಇನ್ನೊಂದಷ್ಟು ಜನ ಕಾಡಂಚಿನ ಹಾಡಿಗಳಲ್ಲಿ ಉಳಿದರು. ನಿಮ್ಮ ಹುಡುಗನ ಅಜ್ಜಿಯೂ ಅವರಲ್ಲೊಬ್ಬರು.

'ಜನ ಇದ್ದರೆ ಕಾಡು ಉಳಿಯುವುದಿಲ್ಲ ಅಲ್ವಾ?' ಎಂದು ನನ್ನನ್ನು ಕೇಳುವವರಿದ್ದಾರೆ. ಪ್ರಾಮಾಣಿಕವಾಗಿ ಕೇಳುತ್ತಾರೆ, ಬೈಯಲಾರೆ. ಅವರಿಗೆ ಎರಡು ವಿಷಯ ಹೇಳುತ್ತೇನೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆದದ್ದು 2011ರ ಜನವರಿಯಲ್ಲಿ. ಅದೇ ವರ್ಷ ಅಲ್ಲಿನ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡು ಬಿಟ್ಟು ಹೋಗಲಿಲ್ಲ. ಇನ್ನೊಂದು, 1990ರ ದಶಕದಲ್ಲಿ ಇದೇ ನಾಗರಹೊಳೆಯೊಳಗೆ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ರೆಸಾರ್ಟ್ ಮಾಡಲು ಜಾಗ ಕೊಟ್ಟಿದ್ದರು. ಆದಿವಾಸಿಗಳು ಬೀದಿಗಿಳಿದರು, 1997ರಲ್ಲಿ ಹೈಕೋರ್ಟ್ ಅದನ್ನು ನಿಲ್ಲಿಸಿತು. ಜೇನು ಕೀಳುವವರಿಗೆ ಇಲ್ಲದ ಜಾಗ ಪ್ರವಾಸಿಗೆ ಇತ್ತು. ಕಾಡು ಉಳಿಸುವ ಪ್ರಶ್ನೆ ನಿಜವಾದ ಪ್ರಶ್ನೆಯೇ. ಆದರೆ ಅದರ ಬೆಲೆಯನ್ನು ಯಾವಾಗಲೂ ಪಹಣಿ ಇಲ್ಲದವರೇ ಕಟ್ಟಿದ್ದಾರೆ.

ಹೊರದೇಶದ ವಿಷಯ ಕೇಳಿದ್ದೀರಿ. ಬೆಳೆ ಬೇರೆ, ಸರ್ಕಾರ ಬೇರೆ, ಕಾಗದದ ಆಟ ಮಾತ್ರ ತುಂಬಾ ಹತ್ತಿರ. ಕೀನ್ಯಾದ ಮಾವ್ ಕಾಡಿನಲ್ಲಿ ಒಗಿಯೆಕ್ ಎಂಬ ಜನ ಇದ್ದಾರೆ. ಅವರೂ ಜೇನಿನವರೇ. ಮರದ ದಿಮ್ಮಿ ಕೊರೆದು ಗೂಡು ಮಾಡಿ ಕೊಂಬೆಗೆ ಕಟ್ಟುತ್ತಾರೆ. ಕಾಡು ರಕ್ಷಿಸುವ ಹೆಸರಿನಲ್ಲಿ ಅವರನ್ನು ಮತ್ತೆ ಮತ್ತೆ ಹೊರಗೆ ಹಾಕಿದರು. 2017ರಲ್ಲಿ ಆಫ್ರಿಕಾದ ಮಾನವ ಹಕ್ಕು ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. 2022ರಲ್ಲಿ ಪರಿಹಾರ ಕೊಡಿ, ಭೂಮಿಯ ಹಕ್ಕುಪತ್ರ ಕೊಡಿ ಎಂದಿತು. ಅಷ್ಟಾದ ಮೇಲೂ 2023ರಲ್ಲಿ ಮನೆ ಕೆಡವಿದರು. ಇಂಡೋನೇಷ್ಯಾದಲ್ಲಿ ಮೂಲನಿವಾಸಿಗಳ ಕಾಡನ್ನೆಲ್ಲ ಸರ್ಕಾರಿ ಕಾಡು ಎಂದು ಬರೆದುಕೊಂಡು ತಾಳೆ ಎಣ್ಣೆಯ ತೋಟಗಳಿಗೆ ಕೊಡುತ್ತಾ ಬಂದರು. ಆ ಬರಹವೇ ತಪ್ಪು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2013ರಲ್ಲಿ ಹೇಳಬೇಕಾಯಿತು.

ಬ್ರೆಜಿಲ್‌ನ ಕಥೆ ನಮಗೆ ಇನ್ನೂ ಹತ್ತಿರ. ಅಲ್ಲಿ ಗಣಿ, ಸೋಯಾ, ದನದ ಫಾರಂ ಎಲ್ಲ ಇವೆ. ಆದರೆ ವರ್ಷಗಟ್ಟಲೆ ಜಗಳ ನಡೆದದ್ದು ಒಂದು ತಾರೀಖಿನ ಮೇಲೆ. 1988ರ ಅಕ್ಟೋಬರ್ 5ರಂದು, ಅಂದರೆ ಅವರ ಸಂವಿಧಾನ ಜಾರಿಯಾದ ದಿನ, ನೀವು ಆ ಭೂಮಿಯ ಮೇಲೆ ಇದ್ದರೆ ಮಾತ್ರ ಅದು ನಿಮ್ಮದು ಅನ್ನುವ ವಾದ. ಅದಕ್ಕೂ ಮೊದಲೇ ಓಡಿಸಿದ್ದರೆ? ಓಡಿಸಿದವರಿಗೇ ಲಾಭ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಅದೇ ವರ್ಷದ ಕೊನೆಗೆ ಅಲ್ಲಿನ ಸಂಸತ್ತು ಅದನ್ನೇ ಕಾನೂನು ಮಾಡಿತು.

ನಮ್ಮಲ್ಲೂ ಅಂಥ ಒಂದು ತಾರೀಖು ಇದೆ: 2005ರ ಡಿಸೆಂಬರ್ 13. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಆ ದಿನಕ್ಕೆ ಮೊದಲಿನಿಂದ ಕಾಡಿನ ಜಮೀನು ಅನುಭವಿಸುತ್ತಿರುವ ಬುಡಕಟ್ಟಿನವರಿಗೆ 4 ಹೆಕ್ಟೇರ್‌ವರೆಗೆ ಹಕ್ಕು ಸಿಗುತ್ತದೆ. ಹಾಗಾದರೆ 1970ರ ದಶಕದಲ್ಲೇ ಹೊರಬಿದ್ದ ಅಜ್ಜಿ ಏನು ಮಾಡಬೇಕು? ಇದಕ್ಕೆ ನಾನು ಆಮೇಲೆ ಬರುತ್ತೇನೆ. ನಮ್ಮ ಕಾಯ್ದೆಯಲ್ಲಿ ಅವರಿಗೊಂದು ದಾರಿ ಇದೆ. ತುಂಬಾ ಜನಕ್ಕೆ ಅದು ಗೊತ್ತಿಲ್ಲ.

ಈಗ ಶುಂಠಿಗೆ ಬರೋಣ. ಮೊದಲ ಸಲ ಜಮೀನು ಕಿತ್ತುಕೊಂಡಿದ್ದು ಸರ್ಕಾರದ ಕಾಗದ. ಎರಡನೇ ಸಲ ಹೋಗುವುದು ಸಾಲದಲ್ಲಿ. ಶುಂಠಿಯನ್ನು ಒಂದೇ ಹೊಲದಲ್ಲಿ ವರ್ಷ ವರ್ಷ ಹಾಕಲಾಗುವುದಿಲ್ಲ, ಕೊಳೆ ರೋಗ ಬರುತ್ತದೆ. ಹಾಗಾಗಿ ಬೆಳೆಯುವವರು ಹೊಸ ನೆಲ ಹುಡುಕುತ್ತಲೇ ಇರುತ್ತಾರೆ. ಹಾಡಿಯ ಜಮೀನಿಗೆ ಬೋರ್‌ವೆಲ್ ಇರುವುದಿಲ್ಲ, ಎತ್ತು ಇರುವುದಿಲ್ಲ, ಆನೆ ಕಾಟ ಬೇರೆ. ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಯಾಕೆಂದರೆ ಸರ್ಕಾರದ ಅನುಮತಿ ಇಲ್ಲದೆ ಮಾರಲಾಗದ ಜಮೀನನ್ನು ಅಡ ಇಟ್ಟುಕೊಂಡು ಅವರೇನು ಮಾಡಬೇಕು? ಅಷ್ಟರಲ್ಲಿ ಮನೆಯಲ್ಲಿ ಯಾರಿಗೋ ಕಾಯಿಲೆ. ಮುಂಗಡ ದುಡ್ಡು ಹಿಡಿದು ಬಾಗಿಲಿಗೆ ಬರುವವನು ಗುತ್ತಿಗೆಯವನೊಬ್ಬನೇ.

ಕೆಲವು ವರ್ಷದ ಹಿಂದೆ ಒಬ್ಬ ತಾಯಿ ನನ್ನ ಆಫೀಸಿಗೆ ಬಂದಿದ್ದರು. ರೇಷನ್ ಕಾರ್ಡು, ಆಸ್ಪತ್ರೆ ಚೀಟಿ, ಮಗನ ಟಿಸಿ, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನಲ್ಲಿ ಇಟ್ಟುಕೊಂಡಿದ್ದರು. ಅದರೊಳಗೆ ನಾಲ್ಕಾಗಿ ಮಡಚಿದ ಛಾಪಾ ಕಾಗದ. ಮಡಿಕೆಯ ಜಾಗದಲ್ಲಿ ಹರಿದಿತ್ತು. 'ಎರಡು ವರ್ಷಕ್ಕೆ ಗುತ್ತಿಗೆಗೆ ಕೊಟ್ಟಿದೀವಿ, ಐದಾಯ್ತು, ಬಿಡ್ತಿಲ್ಲ' ಅಂದರು. ನಾನು ಗಟ್ಟಿಯಾಗಿ ಓದಿದೆ. ಎರಡನೇ ಪುಟದಲ್ಲಿ 'ಶುದ್ಧ ಕ್ರಯಕ್ಕೆ ಒಪ್ಪಿ ಪೂರ್ತಿ ಹಣ ಪಡೆದಿರುತ್ತೇವೆ' ಎಂದಿತ್ತು. ಕ್ರಯ ಅಂದರೆ ಮಾರಾಟ. ಕೆಳಗೆ ಗಂಡನ ಹೆಬ್ಬೆಟ್ಟು, ಅವರ ಹೆಬ್ಬೆಟ್ಟು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆ ದಿನ ಅವರು ಕುಡಿದಿರಲಿಲ್ಲ ಮೇಷ್ಟ್ರೇ. ಹೆಬ್ಬೆಟ್ಟು ಒತ್ತಿದ ದಿನವೂ ಕುಡಿದಿರಲಿಲ್ಲ.

ಇನ್ನು ಹುಡುಗ ಏನು ಮಾಡಬಹುದು ಅನ್ನುವುದು. ಅವನ ಮುಂದೆ ಎರಡು ಬೇರೆ ಬೇರೆ ಜಮೀನು ಇವೆ. ಎರಡಕ್ಕೂ ಬೇರೆ ಬೇರೆ ಕಾನೂನು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ತಾತನ ಮೂರು ಎಕರೆ ಮೊದಲು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಿಗೆ ನಮ್ಮ ರಾಜ್ಯದಲ್ಲಿ 1978ರ ಕಾಯ್ದೆಯೊಂದಿದೆ. ಎಲ್ಲರೂ ಪಿಟಿಸಿಎಲ್ ಅನ್ನುತ್ತಾರೆ. ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ. ಗುತ್ತಿಗೆಗೆ ಕೊಡುವುದೂ ಇದರೊಳಗೇ ಬರುತ್ತದೆ. ಕೊಟ್ಟರೆ ಆ ಕರಾರಿಗೆ ಬೆಲೆ ಇಲ್ಲ. ಉಪವಿಭಾಗಾಧಿಕಾರಿಗೆ, ನಿಮ್ಮ ಕಡೆಯವರಿಗೆ ಹುಣಸೂರಿನ ಎಸಿ, ಅರ್ಜಿ ಕೊಟ್ಟರೆ ಅವರು ವಿಚಾರಣೆ ಮಾಡಿ ಜಮೀನನ್ನು ವಾರಸುದಾರರಿಗೆ ಬಿಡಿಸಿಕೊಡಬಹುದು. ಅಲ್ಲಿ ಸೋತರೆ ಜಿಲ್ಲಾಧಿಕಾರಿಗೆ ಅಪೀಲು. ಹಿಂದೆ 'ತಡವಾಗಿ ಬಂದಿದ್ದೀರಿ' ಎಂದು ಕೋರ್ಟಿನಲ್ಲಿ ಎಷ್ಟೋ ಕೇಸು ಬಿದ್ದುಹೋದವು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಎಂದು ಹೇಳಿದೆ. ಆದರೂ ತಡ ಮಾಡಿದಷ್ಟೂ ವಾದ ಕಷ್ಟ. ಅದನ್ನು ನೆಚ್ಚಿಕೊಂಡು ಕೂರಬೇಡಿ.

ಇದರಲ್ಲಿ ಅಪಾಯ ಇಲ್ಲವಾ? ಇದೆ. ಅರ್ಜಿ ಕೊಟ್ಟ ಮಾರನೇ ದಿನದಿಂದ ಸುತ್ತಲ ಹೊಲಗಳಲ್ಲಿ ಕೂಲಿಗೆ ಕರೆಯುವುದು ನಿಲ್ಲಬಹುದು. ಮುಂಗಡ ವಾಪಸ್ ಕೊಡಿ ಎಂದು ಮನೆ ಮುಂದೆ ಬಂದು ನಿಲ್ಲಬಹುದು. ಅದಕ್ಕೇ ನಾನು ಸಾಮಾನ್ಯವಾಗಿ ಹೇಳುವುದು ಹೀಗೆ: ಬೆಳೆ ಹೊಲದಲ್ಲಿದ್ದರೆ, ಗುತ್ತಿಗೆಯವನು ಜಗಳಗಂಟ ಅಲ್ಲದಿದ್ದರೆ, ಕೀಳುವವರೆಗೆ ಕಾಯಿರಿ. ಅಷ್ಟರಲ್ಲಿ ತಾತನ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ. ಕಿತ್ತ ಮೇಲೆ ಜಮೀನು ಬಿಟ್ಟುಕೊಟ್ಟಿದ್ದಾರೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಹೊಸ ಕಾಗದಕ್ಕೆ ಸಹಿ ಬೇಡ, ಎಷ್ಟೇ ಚಿಕ್ಕದಾಗಿರಲಿ. ಆದರೆ ಕರಾರಿನಲ್ಲಿ ಕ್ರಯ ಎಂಬ ಪದ ಕಂಡರೆ, ಅಥವಾ ಬಿಡುವುದಿಲ್ಲ ಎಂದರೆ, ಒಂದು ದಿನವೂ ಕಾಯಬೇಡಿ. ಬೆದರಿಸಿದರೆ, ಬಲವಂತ ಮಾಡಿದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಜಮೀನಿನಿಂದ ಹೊರಹಾಕುವುದು, ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದು ಕೂಡ ಅದರಲ್ಲಿದೆ. ವಕೀಲರ ಫೀಸಿನ ಚಿಂತೆ ಬೇಡ. ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಜಮೀನು ಬಿಡಿಸಿಕೊಂಡ ಮೇಲೆ ಮೊದಲ ಬೆಳೆಗೆ ದುಡ್ಡು ಎಲ್ಲಿಂದ ಅನ್ನುವುದನ್ನು ಈಗಲೇ ಯೋಚಿಸಿ. ಕೇಸು ಗೆದ್ದು, ಒಂದು ವರ್ಷ ಬೀಳು ಬಿಟ್ಟು, ಮತ್ತೆ ಅದೇ ಗುತ್ತಿಗೆಯವನಿಗೆ ಕೊಟ್ಟವರನ್ನು ನಾನು ನೋಡಿದ್ದೇನೆ. ಅವರನ್ನು ದೂರಲಾರೆ. ರಾಗಿ, ಹುರುಳಿಯಂಥ ಕಡಿಮೆ ಖರ್ಚಿನ ಬೆಳೆ, ಹತ್ತಿರದ ಸ್ತ್ರೀಶಕ್ತಿ ಸಂಘದ ಸಾಲ, ಇಷ್ಟನ್ನಾದರೂ ಮುಂಚೆಯೇ ಕೂತು ಮಾತಾಡಿಕೊಂಡರೆ ಒಳ್ಳೆಯದು.

ಇನ್ನು ಕಾಡಿನೊಳಗಿನ ಜಾಗ. 'ಸಾಕ್ಷ್ಯ ಇಲ್ಲ' ಎಂದು ಒಂದೇ ಸಾಲಿನಲ್ಲಿ ವಜಾ ಮಾಡುವುದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ. ಕಾರಣ ಬರೆಯಬೇಕು, ಅರ್ಜಿದಾರರ ಕೈಗೇ ತಲುಪಿಸಬೇಕು. ಅಪೀಲಿಗೆ 60 ದಿನ ಇದೆ. ಆದೇಶದ ಪ್ರತಿ ಅವರ ಕೈ ಸೇರಿದೆಯಾ ಎಂದು ಮೊದಲು ಕೇಳಿ. ಸೇರಿಲ್ಲದಿದ್ದರೆ ಅದನ್ನೇ ಬರೆದು ಮರುಪರಿಶೀಲನೆ ಕೇಳಬಹುದು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ವಜಾ ಆದವರನ್ನು ಹೊರಹಾಕಿ ಎಂದಿತ್ತು. ಹಾಡಿಗಳಲ್ಲಿ ಆಗ ಹುಟ್ಟಿದ ಭಯ ಇನ್ನೂ ಹೋಗಿಲ್ಲ. ಆ ಆದೇಶಕ್ಕೆ 28ನೇ ತಾರೀಖೇ ತಡೆ ಬಿತ್ತು. ವಜಾ ಆದ ಅರ್ಜಿಗಳನ್ನು ಮತ್ತೆ ನೋಡುವ ಕೆಲಸವೂ ಆಮೇಲೆ ನಡೆಯಿತು.

ಅಜ್ಜಿಗೆ ದಾರಿ ಇದೆ ಎಂದೆನಲ್ಲ, ಅದು ಕಾಯ್ದೆಯ 3(1)(ಎಂ) ಉಪಕಲಂ. 2005ಕ್ಕೆ ಮೊದಲು ಕಾನೂನು ಮೀರಿ, ಪುನರ್ವಸತಿ ಇಲ್ಲದೆ ಹೊರಹಾಕಿದ್ದರೆ ಅಲ್ಲೇ, ಇಲ್ಲವೇ ಬದಲಿ ಭೂಮಿಯಲ್ಲಿ ನೆಲೆ ಕೇಳುವ ಹಕ್ಕು ಅದು. ಹುಡುಗನ ಮನೆಯವರು ಹಳೇ ಅರ್ಜಿಯಲ್ಲಿ ಏನು ಕೇಳಿದ್ದರು ನೋಡಿ. ಸುಮ್ನೆ ಸಾಗುವಳಿ ಜಾಗ ಎಂದು ಹಾಕಿದ್ದರೆ, 2005ರಲ್ಲಿ ಅವರು ಅಲ್ಲಿ ಇರಲಿಲ್ಲವಾದ್ದರಿಂದ ಬೀಳುವುದು ಸಹಜ. ತೊಂದರೆ ಏನೆಂದರೆ, ಈ ಉಪಕಲಂ ಅಡಿ ಮಂಜೂರಾದದ್ದನ್ನು ನಾನು ಕಂಡಿರುವುದು ತೀರಾ ಕಮ್ಮಿ. ವರ್ಷಗಟ್ಟಲೆ ಓಡಾಟ ಆಗುತ್ತದೆ. ದಾರಿ ಇದೆ ಎಂದೆ, ಹತ್ತಿರದ ದಾರಿ ಎನ್ನಲಿಲ್ಲ. ಇದರ ಜೊತೆಗೆ ಜೇನು, ಸೀಗೆ, ದೇವರ ಜಾಗಕ್ಕೆ ಇಡೀ ಹಾಡಿ ಸೇರಿ ಸಮುದಾಯ ಹಕ್ಕು ಕೇಳಬಹುದು. ಜೇನುಕುರುಬರು ರಾಜ್ಯದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದು, ಇನ್ನೊಂದು ಕೊರಗರು. ಅವರಿಗೆ ಇಡೀ ನೆಲೆಯ ಮೇಲಿನ ಹಕ್ಕು ಕೇಳುವ ಅವಕಾಶವೂ ಇದೆ. ಗ್ರಾಮಸಭೆಯನ್ನು ಹಾಡಿಯಲ್ಲೇ ಸೇರಿಸಬೇಕು. ಕಾಯ್ದೆಯ ಲೆಕ್ಕದಲ್ಲಿ ಹಳೇ ವಸತಿಯೂ ಗ್ರಾಮವೇ. ಪಂಚಾಯಿತಿ ಕಟ್ಟಡದಲ್ಲಿ ಸಭೆ ಮಾಡಿದರೆ ಹಾಡಿಯವರು ಹಿಂದಿನ ಸಾಲಿನಲ್ಲಿ ಮಾತಾಡದೆ ಕೂರುತ್ತಾರೆ.

ಕಾಡಿನೊಳಗೆ ಇನ್ನೂ ಇರುವ ನೆಂಟರಿಗೆ ಒಂದು ಮಾತು ತಲುಪಿಸಿ. ಹುಲಿ ಪ್ರದೇಶದಿಂದ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷ ಕೊಡುತ್ತಿದ್ದರು, 2021ರಿಂದ 15 ಲಕ್ಷ ಆಗಿದೆ. ಹೋಗುವುದು ಬಿಡುವುದು ಅವರ ಇಷ್ಟ. ಕಾಡಿನಲ್ಲಿ ಆಸ್ಪತ್ರೆ ಇಲ್ಲ, ಶಾಲೆ ಇಲ್ಲ ಎಂದು ಮನಸ್ಸಾರೆ ಹೊರಬಂದವರೂ ಇದ್ದಾರೆ. ಆದರೆ ಅರಣ್ಯ ಹಕ್ಕು ಮೊದಲು ಗುರುತಾಗಬೇಕು, ಒಪ್ಪಿಗೆ ಆಮೇಲೆ. ಕಾನೂನೇ ಹಾಗೆ ಹೇಳುತ್ತದೆ. ಹಕ್ಕು ಗುರುತಾಗದೆ ಹೊರಬಂದರೆ ಆಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಈ ವಾರ ಹುಡುಗ ಮಾಡಬೇಕಾದದ್ದು ಎರಡು ಕೆಲಸ. ಮೊದಲನೆಯದು ನಾಡಕಚೇರಿಗೆ ಹೋಗಿ ಪಹಣಿ ತೆಗೆಸುವುದು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಏನಾದರೂ ಋಣ ಬರೆದಿದ್ದಾರಾ, 12ರಲ್ಲಿ ಸಾಗುವಳಿದಾರ ಎಂದು ಯಾರನ್ನು ತೋರಿಸಿದ್ದಾರೆ, ನೋಡಲಿ. ತಾತನ ಸಾಗುವಳಿ ಚೀಟಿ ಮನೆಯಲ್ಲಿ ಇಲ್ಲದಿದ್ದರೆ ತಾಲೂಕು ಕಚೇರಿಯಿಂದ ಮಂಜೂರಾತಿ ಕಡತದ ನಕಲು ಕೇಳಲಿ.

ಎರಡನೆಯದು ಅಜ್ಜಿಯ ಕೆಲಸ. ಅರಣ್ಯ ಹಕ್ಕಿನ ಅರ್ಜಿಗೆ ಕನಿಷ್ಠ ಎರಡು ಸಾಕ್ಷ್ಯ ಬೇಕು. ಅರ್ಜಿದಾರರಲ್ಲದ ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಹಳೇ ಬಾವಿ, ಸಮಾಧಿ, ದೇವರ ಕಲ್ಲು ಇನ್ನೊಂದು. ಉಪಗ್ರಹ ಚಿತ್ರದಲ್ಲಿ ಕಾಣಲಿಲ್ಲ ಎಂದು ಇವನ್ನು ತಳ್ಳಿಹಾಕುವಂತಿಲ್ಲ. ಹುಡುಗ ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಹತ್ತಿರ ಕೂರಲಿ. ಹಾಡಿಯ ಹೆಸರೇನು, ನೀರು ಎಲ್ಲಿಂದ ತರುತ್ತಿದ್ದರು, ಅವರ ಅಪ್ಪನನ್ನು ಎಲ್ಲಿ ಮಣ್ಣು ಮಾಡಿದರು, ಹೊರಗೆ ಕಳಿಸಿದ ದಿನ ಯಾರು ಬಂದಿದ್ದರು, ಎಲ್ಲ ಬರೆದುಕೊಳ್ಳಲಿ. ಅವರ ಮಾತಿನಲ್ಲೇ ಬರೆಯಲಿ, ತಿದ್ದಬೇಡ ಎನ್ನಿ. ಆಮೇಲೆ ಅರಣ್ಯ ಹಕ್ಕು ಸಮಿತಿಯವರ ಜೊತೆ ಆ ಜಾಗಕ್ಕೆ ಹೋಗುವ ದಿನ ಅಜ್ಜಿಯನ್ನೂ ಕರೆದುಕೊಂಡು ಹೋಗಬೇಕು. ಮಳೆ ಹಿಡಿದರೆ ಆ ದಾರಿಯಲ್ಲಿ ವಯಸ್ಸಾದವರಿಗೆ ನಡೆಯಲು ಆಗುವುದಿಲ್ಲ. ಅದಕ್ಕೆ ಮೊದಲೇ ಹೋಗಿಬನ್ನಿ.